ಬೆಕ್ಕು ಬೆದೆಗೆ ಬಂದು ರಾತ್ರಿಯಿಡೀ ಕೂಗು, ಓನರ್ ಬಂದು ವಿಚಾರಿಸಿ ಹೋದರು. ಯಾರಾದರೂ ದಾರಿ ಹೇಳಿ

ಮೂಡಲಪಾಳ್ಯದವಳು

ಎಲ್ಲರಿಗೂ ನಮಸ್ಕಾರ. ಇಲ್ಲಿ ಬೆಕ್ಕು ಸಾಕಿದವರು ತುಂಬಾ ಜನ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ. ನಮ್ಮ ಸೀಬೆಗೆ ಈಗ 7 ತಿಂಗಳು ಇರಬಹುದು. ಪಾರ್ಕಿಂಗ್‌ನಲ್ಲಿ ಸಿಕ್ಕ ಮರಿ, ಸರಿಯಾದ ವಯಸ್ಸು ಯಾರಿಗೂ ಗೊತ್ತಿಲ್ಲ. ಈ ವಾರ ಇದ್ದಕ್ಕಿದ್ದಂತೆ ಶುರು ಮಾಡಿದ್ದಾಳೆ. ನೆಲದ ಮೇಲೆ ಹೊರಳಾಡುವುದು, ಕಂಡ ಕಂಡ ಕುರ್ಚಿ ಕಾಲಿಗೆಲ್ಲ ಕೆನ್ನೆ ಉಜ್ಜುವುದು. ಬೆನ್ನು ಸವರಿದರೆ ಸಾಕು, ಮುಂಗಾಲು ಮಡಚಿ ಹಿಂಭಾಗ ಎತ್ತುತ್ತಾಳೆ, ಬಾಲ ಪಕ್ಕಕ್ಕೆ ಸರಿಸುತ್ತಾಳೆ, ಹಿಂಗಾಲಲ್ಲಿ ತಕತಕ ತುಳಿಯುತ್ತಾಳೆ. ಅದೆಲ್ಲ ಇರಲಿ ಬಿಡಿ. ಆ ಕೂಗು! ರಾತ್ರಿ 2 ಗಂಟೆಗೆ ಹಸುಗೂಸು ಅತ್ತ ಹಾಗೇ ಕೇಳುತ್ತದೆ. ಕೆಳಗಿನ ಮನೆ ಓನರ್ ಆಂಟಿ ನಿನ್ನೆ ಬೆಳಗ್ಗೆ ಮೇಲೆ ಬಂದು "ಏನಮ್ಮಾ, ಯಾರದು ಮಗು?" ಅಂತ ಕೇಳಿದರು. ಬೆಕ್ಕು ಅಂದೆ. ಮುಖ ಗಂಟು ಹಾಕಿಕೊಂಡು ಇಳಿದು ಹೋದರು.

ನಮ್ಮ ಮನೆಯವರು ನಾಳೆಯೇ ಆಪರೇಷನ್ ಅಂತಾರೆ. ನಮ್ಮತ್ತೆ "ಒಂದು ಸಲ ಮರಿ ಹಾಕಲಿ, ಆಮೇಲೆ ಏನಾದರೂ ಮಾಡಿಸಿ, ಹೆಣ್ಣು ಜೀವ ಅಲ್ವಾ" ಅಂತಾರೆ. ಬೆದೆಯಲ್ಲಿ ಇರುವಾಗಲೇ ಆಪರೇಷನ್ ಮಾಡುತ್ತಾರಾ? ಅಲ್ಲಿಯವರೆಗೆ ಸುಮ್ಮನಿರಿಸೋಕೆ ಮಾತ್ರೆ ಏನಾದರೂ ಇದೆಯಾ?

ರಾತ್ರಿಪಾಳಿ

ಸ್ವಯಂವರ ಏರ್ಪಾಡು ಮಾಡಿ ಮೇಡಂ. ನಮ್ಮ ಬೀದಿಯಲ್ಲಿ ಮೂರು ಗಂಡುಗಳಿವೆ, ಒಬ್ಬನಿಗೆ ಅರ್ಧ ಕಿವಿ ಇಲ್ಲ, ಉಳಿದಂತೆ ಒಳ್ಳೆ ಮನೆತನ. ಜಾತಕ ಕಳಿಸಲಾ?

ನಾಯಿಮನೆ

ರಕ್ತ ಬರುತ್ತಿದೆಯಾ? ನಮ್ಮ ನಾಯಿಗೆ ವರ್ಷಕ್ಕೆ ಎರಡು ಸಲ ಬರುತ್ತದೆ, ಮೂರು ವಾರದ ಮಟ್ಟಿಗೆ ಮನೆ ತುಂಬಾ ಹಳೇ ಬಟ್ಟೆ ಹಾಸುತ್ತೇವೆ. ರಕ್ತ ಇಲ್ಲ ಅಂದರೆ ಬೆದೆ ಅಲ್ಲ, ಹೊಟ್ಟೆನೋವು ಇರಬೇಕು. ಡಾಕ್ಟರಿಗೆ ತೋರಿಸಿ.

ಬೆಕ್ಕಜ್ಜಿ

ನಾಯಿಮನೆಯವರೇ, ನಾಯಿ ಲೆಕ್ಕ ಬೆಕ್ಕಿಗೆ ಹಾಕಬೇಡಿ. ಬೆಕ್ಕು ಬೆದೆಗೆ ಬಂದರೆ ಸಾಮಾನ್ಯವಾಗಿ ರಕ್ತ ಕಾಣುವುದಿಲ್ಲ. ಕಂಡರೆ, ಇಲ್ಲಾ ಕೀವು ಥರ ಏನಾದರೂ ಬಂದರೆ, ಆಗ ಓಡಬೇಕು ಆಸ್ಪತ್ರೆಗೆ.

ಮೂಡಲಪಾಳ್ಯದಮ್ಮ, ನೀವು ಹೇಳಿದ್ದೆಲ್ಲ ಪಕ್ಕಾ ಬೆದೆಯ ಲಕ್ಷಣ. ಕಾಯಿಲೆ ಅಲ್ಲ, ಗಾಬರಿ ಬೇಡ. ಸುಮಾರು ಒಂದು ವಾರ ಇರುತ್ತದೆ. ಕೆಲವಕ್ಕೆ ಮೂರೇ ದಿನ, ಕೆಲವಕ್ಕೆ ಹತ್ತು ದಿನ ದಾಟುತ್ತದೆ. ಮುಗಿಯಿತು ಅಂತ ಉಸಿರು ಬಿಡುವಷ್ಟರಲ್ಲಿ ಎರಡು ಮೂರು ವಾರಕ್ಕೆ ಮತ್ತೆ ಶುರು. ಗಂಡು ಸೇರುವ ತನಕ ಹೀಗೇ ಸುತ್ತು ಹೊಡೆಯುತ್ತದೆ. ಹೊರದೇಶದಲ್ಲಿ ಚಳಿಗಾಲಕ್ಕೆ ಹಗಲು ಚಿಕ್ಕದಾಗುತ್ತದಲ್ಲ, ಆಗ ಬೆಕ್ಕುಗಳಿಗೆ ಬೆದೆ ನಿಲ್ಲುತ್ತದೆ. ನಮ್ಮ ಬೆಂಗಳೂರಲ್ಲಿ ಡಿಸೆಂಬರ್‌ನಲ್ಲೂ 11 ಗಂಟೆಗಿಂತ ಜಾಸ್ತಿ ಹಗಲು. ಅದರ ಮೇಲೆ ರಾತ್ರಿ 12ರವರೆಗೂ ಟ್ಯೂಬ್‌ಲೈಟ್ ಉರಿಯುತ್ತದೆ. ಇಲ್ಲಿ ಬೆಕ್ಕಿಗೆ ರಜೆ ಅನ್ನುವುದೇ ಇಲ್ಲ.

ಈಗ ಮಾಡಬೇಕಾದ ಮೊದಲ ಕೆಲಸ ಕೂಗು ನಿಲ್ಲಿಸುವುದಲ್ಲ. ಕಿಟಕಿ ನೋಡಿ. ಬಾಲ್ಕನಿಗೆ ಪಾರಿವಾಳದ ನೈಲಾನ್ ನೆಟ್ ಹಾಕಿಸಿದ್ದೀರಿ ಅಂತ ನೆಮ್ಮದಿಯಾಗಿ ಇರಬೇಡಿ. ಮೂಲೆಯಲ್ಲಿ ಒಂದು ಕೊಂಡಿ ಬಿಚ್ಚಿದ್ದರೆ ಸಾಕು, ಅಲ್ಲಿಂದ ತಲೆ ತೂರಿಸುತ್ತದೆ. ತಲೆ ಹೋದ ಕಡೆ ಮೈಯೂ ಹೋಗುತ್ತದೆ. ಹಲ್ಲಲ್ಲಿ ಕಡಿದು ದಾರಿ ಮಾಡಿಕೊಂಡಿದ್ದನ್ನೂ ನೋಡಿದ್ದೇನೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕೋಳಿ ಜಾಲರಿ ಸಿಗುತ್ತದೆ. ಗ್ರಿಲ್ಲಿಗೆ ಒಳಗಡೆಯಿಂದ ಬೈಂಡಿಂಗ್ ವೈರ್‌ನಲ್ಲಿ ಕಟ್ಟಿ. ಬಚ್ಚಲುಮನೆಯ ಎಕ್ಸಾಸ್ಟ್ ಫ್ಯಾನ್ ತೂತು ಮರೆಯಬೇಡಿ. ಅಡುಗೆಮನೆ ಯುಟಿಲಿಟಿ ಬಾಗಿಲು ಕೆಲಸದವರು ಬಂದಾಗ ತೆರೆದೇ ಇರುತ್ತದೆ, ಅವರಿಗೂ ಹೇಳಿಡಿ.

ರಾತ್ರಿಪಾಳಿ

ಅಜ್ಜಿ ಎಂದಿನಂತೆ ಪೂರ್ತಿ ಸೆಕ್ಯೂರಿಟಿ ಆಡಿಟ್ ಮಾಡಿಬಿಟ್ಟರು.

ಬೆಕ್ಕಜ್ಜಿ

ನಗು ನಗು. ನಿನ್ನ ಬೀದಿಯ ಆ ಅರ್ಧ ಕಿವಿಯವನಿಗೆ ಇವಳ ವಾಸನೆ ಈಗಾಗಲೇ ಸಿಕ್ಕಿರುತ್ತದೆ.

ಕುಂದಾಪ್ರದವ

ಮಾರಾಯ್ರೆ, ನಮ್ಮ ಊರಲ್ಲಿ ಇದಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ? ಹೆಂಚಿನ ಮಾಡಿನ ಮೇಲೆ ಗಲಾಟೆ ಕೇಳಿದರೆ ಅಜ್ಜ ಒಂದು ಚೊಂಬು ನೀರು ಎರಚುತ್ತಿದ್ದರು, ಅಷ್ಟೇ. ಎರಡು ತಿಂಗಳಿಗೆ ಅಟ್ಟದ ಮೇಲೆ ಮರಿ. ಅದೇ ಪುಣ್ಯಾತ್ಮರು ಬೆಂಗಳೂರಿಗೆ ಬಂದು ಬೆಕ್ಕಿಗೆ ಜಾಲರಿ ಕಟ್ಟುತ್ತಾ ಕೂತಿದ್ದೇವೆ.

ಬನಶಂಕರಿ_ಎರಡನೇಹಂತ

ಕುಂದಾಪ್ರದವರು ಸರಿಯಾಗಿ ಹೇಳಿದರು. ಪ್ರಾಣಿಗೆ ಪ್ರಕೃತಿ ಕೊಟ್ಟಿದ್ದನ್ನು ಕಿತ್ತುಹಾಕಲು ನಾವು ಯಾರು? ನಿಮ್ಮ ನಿದ್ದೆ ಕೆಡುತ್ತದೆ ಅಂತ ಅದರ ಗರ್ಭಕೋಶ ತೆಗೆಸುತ್ತೀರಾ? ಅತ್ತೆ ಹೇಳಿದ್ದೇ ಸರಿ. ಒಂದು ಸಲವಾದರೂ ತಾಯಿಯಾಗಲಿ. ಇಲ್ಲದಿದ್ದರೆ ಅದಕ್ಕೆ ಮನಸ್ಸಿನಲ್ಲಿ ಕೊರಗು ಉಳಿಯುತ್ತದೆ, ಮೈಯೂ ಊದಿಕೊಳ್ಳುತ್ತದೆ.

ಡಾಕ್ಟ್ರಮ್ಮ

ನಾನು ಪಶುವೈದ್ಯೆ, ದಿನವೂ ಈ ಪ್ರಶ್ನೆಗೆ ಉತ್ತರ ಹೇಳುತ್ತೇನೆ. ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ. ಇರುವ ಆಧಾರ ಉಲ್ಟಾ ಇದೆ. 2005ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 6 ತಿಂಗಳೊಳಗೆ ಆಪರೇಷನ್ ಆದ ಬೆಕ್ಕುಗಳಲ್ಲಿ ಸ್ತನ ಕ್ಯಾನ್ಸರ್ ಬರುವ ಅಪಾಯ 91% ಕಡಿಮೆ, ಒಂದು ವರ್ಷದೊಳಗೆ ಆದವುಗಳಲ್ಲಿ 86% ಕಡಿಮೆ. ಬೆಕ್ಕಿನ ಸ್ತನದ ಗಂಟು ಬಹುಪಾಲು ಕೆಟ್ಟ ಗಂಟೇ ಆಗಿರುತ್ತದೆ, ನಾಯಿಯಲ್ಲಿ ಅಷ್ಟಿಲ್ಲ. ಗರ್ಭಕೋಶದಲ್ಲಿ ಕೀವು ತುಂಬುವ ಪಯೋಮೆಟ್ರಾ ಅಂತ ಇನ್ನೊಂದಿದೆ. ಗರ್ಭಕೋಶವೇ ಇಲ್ಲದಿದ್ದರೆ ಅದರ ಪ್ರಶ್ನೆಯೂ ಇಲ್ಲ.

ಕೊರಗಿನ ವಿಷಯ. ಬೆಕ್ಕಿಗೆ ಬೆದೆ ಅನ್ನುವುದು ಹಾರ್ಮೋನ್ ತಳ್ಳಾಟ. ತಾಯ್ತನದ ಕನಸು ಕಂಡು ಅದು ಕೂಗುತ್ತಿಲ್ಲ. ಅಂಡಾಶಯ ತೆಗೆದರೆ ಆ ತಳ್ಳಾಟವೇ ನಿಲ್ಲುತ್ತದೆ, ಕೊರಗಲು ಏನೂ ಉಳಿಯುವುದಿಲ್ಲ. ಮೈ ಬರುವುದು ಮಾತ್ರ ನಿಜ. ಆಪರೇಷನ್ ಆದ ಮೇಲೆ ಹಸಿವು ಜಾಸ್ತಿ, ಖರ್ಚು ಕಡಿಮೆ. ಊಟ ಕಾಲು ಭಾಗದಷ್ಟು ಇಳಿಸಿದರೆ ಸಾಕು.

ಬನಶಂಕರಿ_ಎರಡನೇಹಂತ

ಡಾಕ್ಟರುಗಳು ಆಪರೇಷನ್ ಬೇಡ ಅಂತಾರಾ? ಅವರ ಅಂಗಡಿ ನಡೆಯಬೇಕಲ್ಲ.

ಡಾಕ್ಟ್ರಮ್ಮ

ಒಂದು ಆಪರೇಷನ್‌ಗೆ ಬರುವುದಕ್ಕಿಂತ ನಾಲ್ಕು ಮರಿಗಳ ಲಸಿಕೆ, ಹುಳದ ಔಷಧಿ, ಭೇದಿ, ಕಣ್ಣಿನ ಸೋಂಕು ಇದರಲ್ಲೇ ನನ್ನ ಅಂಗಡಿ ಚೆನ್ನಾಗಿ ನಡೆಯುತ್ತದೆ ಸಾರ್. ವ್ಯಾಪಾರ ನೋಡುವುದಾದರೆ ನಾನು ನಿಮ್ಮ ಪಕ್ಷ ಸೇರಬೇಕಿತ್ತು.

ರಾತ್ರಿಪಾಳಿ

🔥🔥

ಓನರ್_ಪರ

ಎಲ್ಲರೂ ಬೆಕ್ಕಿನ ಪರ ಮಾತಾಡುತ್ತಿದ್ದೀರಿ, ನಾನು ಓನರ್ ಆಂಟಿ ಪರ ಮಾತಾಡುತ್ತೇನೆ. ನನ್ನದೂ ನಾಲ್ಕು ಬಾಡಿಗೆ ಮನೆ ಇದೆ. ಬೆಕ್ಕು ತರುವಾಗ ಯಾರೂ ಕೇಳುವುದಿಲ್ಲ. ಆಮೇಲೆ ಗಂಡು ಬೆಕ್ಕುಗಳು ಬಂದು ಮೆಟ್ಟಿಲ ಮೇಲೆ, ಸ್ಕೂಟರ್ ಸೀಟಿನ ಮೇಲೆ ಉಚ್ಚೆ ಹಾರಿಸಿ ಹೋಗುತ್ತವೆ. ತೊಳೆಯುವವರು ಯಾರು? ನಮ್ಮ ಮನೆಯವಳು. ಇನ್ನೂ ಒಂದು ವಿಷಯ ಇದೆ. ಹೋದ ವರ್ಷ ಒಂದು ಜೋಡಿ ಮನೆ ಖಾಲಿ ಮಾಡಿದರು. ಟಿವಿ, ಫ್ರಿಜ್ಜು, ತುಳಸಿ ಗಿಡ ಎಲ್ಲ ಗಾಡಿ ಹತ್ತಿತು. ಬೆಕ್ಕು ಮಾತ್ರ ಹಿತ್ತಲಲ್ಲಿ ಉಳಿಯಿತು. ಈಗ ಅದು ಅಲ್ಲೇ ಮರಿ ಹಾಕಿಕೊಂಡು ಇದೆ. ಪ್ರೀತಿ ಅಂತೆ!

ಮೂಡಲಪಾಳ್ಯದವಳು

ಸಾರ್, ನಾವು ಬಿಟ್ಟು ಹೋಗುವವರಲ್ಲ. ಓನರ್ ಆಂಟಿಗೆ ಸೀಬೆ ಇರುವುದು ಮೊದಲೇ ಗೊತ್ತು, ಮೀನಿನ ತಲೆ ಅವರೇ ಕೊಟ್ಟು ಕಳಿಸುತ್ತಿದ್ದರು. ಕೂಗು ಶುರುವಾದ ಮೇಲೆ ಈ ಸಿಟ್ಟು.

ಕೋರಮಂಗಲ_ಕಾನೂನು

ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಅಪಾರ್ಟ್‌ಮೆಂಟ್ ಸಂಘದವರು ಸಾಕುಪ್ರಾಣಿ ಇಡಬಾರದು ಅಂತ ನಿಷೇಧ ಹಾಕುವ ಹಾಗಿಲ್ಲ. ಪ್ರಿಂಟ್ ತೆಗೆದು ಬಾಗಿಲಿಗೆ ಅಂಟಿಸಿ.

ಓನರ್_ಪರ

ಅದು ಅಪಾರ್ಟ್‌ಮೆಂಟ್ ಸಂಘಕ್ಕೆ. ಇದು ಮನೆ ಮೇಲೆ ಮನೆ ಕಟ್ಟಿದ ಬಾಡಿಗೆ ಮನೆ. 11 ತಿಂಗಳ ಅಗ್ರಿಮೆಂಟ್ ಮುಗಿದಾಗ ನಾನು "ಮಗನಿಗೆ ಬೇಕು" ಅಂದರೆ ನಿಮ್ಮ ಸುತ್ತೋಲೆ ಏನು ಮಾಡುತ್ತದೆ?

ಬೆಕ್ಕಜ್ಜಿ

ಬಾಗಿಲಿಗೆ ಏನೂ ಅಂಟಿಸಬೇಡಮ್ಮ. ಕೆಳಗೆ ಹೋಗು, "ಆಂಟಿ, ಆಪರೇಷನ್‌ಗೆ ದಿನ ಕೇಳಿದ್ದೀವಿ, ಇನ್ನೊಂದು ವಾರ ಸಹಿಸಿಕೊಳ್ಳಿ" ಅಂತ ಹೇಳು. ಮೆಟ್ಟಿಲ ಮೇಲೆ ಗಂಡು ಬೆಕ್ಕು ಉಚ್ಚೆ ಹಾರಿಸಿದ್ದರೆ ನೀನೇ ತೊಳಿ. ಆದರೆ ಡೆಟಾಲ್, ಫಿನಾಯಿಲ್ ಬಳಸಬೇಡ. ನೀರಿಗೆ ಹಾಕಿದ ಕೂಡಲೇ ಬೆಳ್ಳಗೆ ತಿರುಗುವ ಈ ಜಾತಿಯವು ಬೆಕ್ಕಿಗೆ ವಿಷ. ಅದರ ಮೇಲೆ ನಡೆದು ಕಾಲು ನೆಕ್ಕಿಕೊಳ್ಳುತ್ತವಲ್ಲ. ಎನ್‌ಜೈಮ್ ಕ್ಲೀನರ್ ಅಂತ ಪೆಟ್ ಅಂಗಡಿಯಲ್ಲಿ ಸಿಗುತ್ತದೆ. ಅದಿಲ್ಲದಿದ್ದರೆ ಬಟ್ಟೆ ಸೋಪಿನ ಪುಡಿ ಹಾಕಿ ತಿಕ್ಕಿ, ಚೆನ್ನಾಗಿ ನೀರು ಹೊಯ್ದು ಒಣಗಿಸು. ವಾಸನೆ ಉಳಿದರೆ ನಾಳೆ ಮತ್ತೆ ಅದೇ ಜಾಗಕ್ಕೆ ಬರುತ್ತಾನೆ.

ಸುಂಕದಕಟ್ಟೆ_ಗೌಡ

ಮೆಡಿಕಲ್ ಸ್ಟೋರಿನಲ್ಲಿ ಹೆಂಗಸರ ಮಾತ್ರೆ ಸಿಗುತ್ತದೆ. ಅದರಲ್ಲಿ ಅರ್ಧ ಪುಡಿ ಮಾಡಿ ಹಾಲಲ್ಲಿ ಹಾಕಿ ಕೊಡಿ, ಕೂಗು ನಿಲ್ಲುತ್ತದೆ. ನಮ್ಮ ಪಕ್ಕದ ಮನೆಯವರು ಹಾಗೇ ಮಾಡುತ್ತಾರೆ.

ಡಾಕ್ಟ್ರಮ್ಮ

ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ ಅಂತ ಅಂದುಕೊಂಡು ಓದಿ. ಗರ್ಭನಿರೋಧಕ ಮಾತ್ರೆಯ ಹಾರ್ಮೋನ್ ಬೆಕ್ಕಿನ ಬೆದೆಯನ್ನು ತಡೆಯುತ್ತದೆ, ಸುಳ್ಳಲ್ಲ. ಆದರೆ ಜೊತೆಗೆ ಗರ್ಭಕೋಶದಲ್ಲಿ ಕೀವು, ಸಕ್ಕರೆ ಕಾಯಿಲೆ, ಸ್ತನದಲ್ಲಿ ಗಡ್ಡೆ ಇವೆಲ್ಲವನ್ನೂ ತರಬಹುದು. ಹೀಗೆ ಮಾತ್ರೆ ತಿಂದು ಹೊಟ್ಟೆಯಡಿ ಸಾಲಾಗಿ ಗಂಟು ಎದ್ದ ಎಳೆ ಬೆಕ್ಕುಗಳು ನನ್ನ ಟೇಬಲ್ ಮೇಲೆ ಬರುತ್ತವೆ. ಮನೆಯಲ್ಲಿ ಜ್ವರಕ್ಕೆ ಇಟ್ಟುಕೊಂಡ ಪ್ಯಾರಾಸಿಟಮಾಲ್ ಅಂತೂ ಒಂದು ಮಾತ್ರೆಯೇ ಬೆಕ್ಕನ್ನು ಕೊಲ್ಲಬಲ್ಲದು. ಮನುಷ್ಯರ ಔಷಧಿ ಡಬ್ಬಿಯನ್ನು ಬೆಕ್ಕಿನಿಂದ ದೂರ ಇಡಿ.

ಟ್ಯೂಬ್_ಪಂಡಿತ

ಒಂದು ವಿಡಿಯೋ ನೋಡಿದೆ. ಕಿವಿಗೆ ಹಾಕುವ ಹತ್ತಿ ಕಡ್ಡಿ ಬಳಸಿ ಗಂಡು ಸೇರಿದೆ ಅಂತ ಬೆಕ್ಕಿನ ಮೈಗೆ ಮೋಸ ಮಾಡಬಹುದಂತೆ. ಬೆದೆ ನಿಂತುಹೋಗುತ್ತದಂತೆ. ಹೌದಾ ಡಾಕ್ಟ್ರೇ? (ಗಂಭೀರವಾಗಿ ಕೇಳುತ್ತಿದ್ದೇನೆ, ರಾತ್ರಿಪಾಳಿ ಸುಮ್ನಿರಿ.)

ಡಾಕ್ಟ್ರಮ್ಮ

ಅದರ ಹಿಂದಿನ ವಿಜ್ಞಾನ ನಿಜ. ನಮ್ಮ ಹಾಗೆ ಬೆಕ್ಕಿಗೆ ತಿಂಗಳ ಲೆಕ್ಕದಲ್ಲಿ ಸಾಮಾನ್ಯವಾಗಿ ತಾನಾಗಿ ಅಂಡ ಬಿಡುಗಡೆ ಆಗುವುದಿಲ್ಲ. ಗಂಡು ಸೇರಿದಾಗ ಮಿದುಳಿಗೆ ಸುದ್ದಿ ಹೋಗಿ, ಹಾರ್ಮೋನ್ ಉಕ್ಕಿ, ಒಂದೆರಡು ದಿನದಲ್ಲಿ ಅಂಡ ಹೊರಬರುತ್ತದೆ. ಅದಕ್ಕೇ ಒಂದು ಸಲ ತಪ್ಪಿಸಿಕೊಂಡು ಹೋಗಿ ಬಂದ ಬೆಕ್ಕು ಬಸಿರಾಗುವುದು ಅಷ್ಟು ಸುಲಭ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪಂದಿರು ಇರಬಹುದು.

ಆದರೆ ಮನೆಯಲ್ಲಿ ಹತ್ತಿ ಕಡ್ಡಿ ಹಿಡಿಯಬೇಡಿ. ಒಳಗೆ ಗಾಯ ಆಗಬಹುದು, ಸೋಂಕು ಆಗಬಹುದು, ಅದು ತಿರುಗಿ ನಿಮ್ಮ ಮುಖಕ್ಕೇ ಪರಚುತ್ತದೆ. ಯಶಸ್ವಿಯಾಯಿತು ಅಂದುಕೊಂಡರೂ ಸುಳ್ಳು ಬಸಿರು ನಿಂತು, ಒಂದು ಒಂದೂವರೆ ತಿಂಗಳು ಶಾಂತಿ. ಆ ಸಮಯದ ಹಾರ್ಮೋನೇ ಗರ್ಭಕೋಶದ ಕೀವಿಗೆ ದಾರಿ ಮಾಡುತ್ತದೆ. ಆಮೇಲೆ ಮತ್ತೆ ಕೂಗು.

ರಾತ್ರಿಪಾಳಿ

ನಾನು ಏನೂ ಹೇಳಲಿಲ್ಲ. ಗಮನಿಸಿ.

ಮೂಡಲಪಾಳ್ಯದವಳು

ಎಲ್ಲರಿಗೂ ಥ್ಯಾಂಕ್ಸ್. ನನ್ನ ಮೊದಲ ಪ್ರಶ್ನೆ ಉಳಿದುಹೋಯಿತು. ಈಗಲೇ ಮಾಡಿಸಬಹುದಾ, ಮುಗಿಯುವ ತನಕ ಕಾಯಬೇಕಾ?

ಜಯನಗರ_ನಾಲ್ಕನೇಬ್ಲಾಕ್

ಕಾಯಿರಿ. ಬೆದೆಯಲ್ಲಿ ಮಾಡಿದರೆ ರಕ್ತ ನಿಲ್ಲುವುದಿಲ್ಲ ಅಂತ ನಮ್ಮ ಡಾಕ್ಟರ್ ವಾಪಸ್ ಕಳಿಸಿದರು.

ಹೆಸರಘಟ್ಟ_ರಸ್ತೆ

ಕಾಯಬೇಡಿ. ಕಾಯುತ್ತಾ ಕೂತವರ ಬೆಕ್ಕು ಬಸಿರಾದ ಕಥೆಯೇ ಜಾಸ್ತಿ. ನಮ್ಮ ತಂಗಿಯ ಬೆಕ್ಕಿಗೆ ಬೆದೆಯಲ್ಲೇ ಮಾಡಿದರು, ಸಂಜೆಗೆ ಎದ್ದು ಕೋಳಿ ತಿಂದಿತು.

ಡಾಕ್ಟ್ರಮ್ಮ

ಇಬ್ಬರೂ ಹೇಳುವುದರಲ್ಲಿ ಅರ್ಥ ಇದೆ. ಬೆದೆಯಲ್ಲಿ ಗರ್ಭಕೋಶಕ್ಕೆ ರಕ್ತ ಜಾಸ್ತಿ ಹರಿಯುತ್ತದೆ, ಒಳಗಿನ ಭಾಗ ಮೆತ್ತಗಾಗಿ ಬೇಗ ಹರಿಯುತ್ತದೆ, ಕೆಲಸ ನಿಧಾನ. ನಾಯಿಗೆ ಹೋಲಿಸಿದರೆ ಬೆಕ್ಕಿನಲ್ಲಿ ಈ ತೊಂದರೆ ಕಡಿಮೆ, ಕೈ ಪಳಗಿದವರು ಮಾಡುತ್ತಾರೆ. ಒಳಗೆ ಬೀಗ ಹಾಕಿ ಇಡಲು ಆಗುತ್ತದೆ ಅಂದರೆ ಬೆದೆ ಇಳಿದ ವಾರವೇ ದಿನ ತೆಗೆದುಕೊಳ್ಳಿ. ಮುಂದಿನ ಸುತ್ತು ಶುರುವಾಗುವ ಮುಂಚೆ ಸಣ್ಣ ಸಂದು ಸಿಗುತ್ತದೆ, ಅದನ್ನು ಬಿಡಬೇಡಿ. ಮನೆಯಲ್ಲಿ ತಡೆದಿಡಲು ಆಗುವುದಿಲ್ಲ ಅಂದರೆ ಈಗಲೇ ಮಾಡಿಸುವುದು ಒಳ್ಳೆಯದು. ನಿಮ್ಮ ಬೆಕ್ಕನ್ನು ಮುಟ್ಟಿ ನೋಡುವ ಡಾಕ್ಟರ್ ಮಾತೇ ಕೊನೆ. ಲಸಿಕೆ ಆಗಿದೆಯಾ?

ಮೂಡಲಪಾಳ್ಯದವಳು

ರೇಬೀಸ್ ಮತ್ತು ಟ್ರೈಕ್ಯಾಟ್ ಎರಡೂ ಆಗಿದೆ.

ಡಾಕ್ಟ್ರಮ್ಮ

ಒಳ್ಳೆಯದು. ಕಾರ್ಡ್ ತೆಗೆದುಕೊಂಡು ಹೋಗಿ.

ಬೆಕ್ಕಜ್ಜಿ

ದುಡ್ಡಿನ ಪ್ರಶ್ನೆ ಯಾರೂ ಎತ್ತಲಿಲ್ಲ. ಖಾಸಗಿ ಕ್ಲಿನಿಕ್‌ನಲ್ಲಿ ಕೆಲವು ಸಾವಿರ ಆಗುತ್ತದೆ, ಏರಿಯಾ ಮೇಲೆ ಹೋಗುತ್ತದೆ. ಎರಡು ಕಡೆ ಫೋನ್ ಮಾಡಿ ಕೇಳಿ. ರಕ್ತಪರೀಕ್ಷೆ, ಅರಿವಳಿಕೆ, ಮುಂದಿನ ಔಷಧಿ ಎಲ್ಲ ಸೇರಿ ಎಷ್ಟು ಅಂತ ಕೇಳಿ. ಕೈ ಬಿಗಿ ಇದ್ದವರಿಗೆ ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರಿ ಪಶು ಆಸ್ಪತ್ರೆ ಇದೆ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. 1991ರಿಂದ ಇರುವ ಕ್ಯೂಪಾ ಅನ್ನುವ ಪ್ರಾಣಿ ಕಲ್ಯಾಣ ಸಂಸ್ಥೆಯವರನ್ನೂ ವಿಚಾರಿಸಬಹುದು. ಹೋಗುವ ಮುಂಚೆ ಯಾವ ದಿನ ಬೆಕ್ಕಿನ ಆಪರೇಷನ್ ಮಾಡುತ್ತಾರೆ ಅಂತ ತಿಳಿದುಕೊಂಡು ಹೋಗಿ.

ಸುಂಕದಕಟ್ಟೆ_ಗೌಡ

ಬಿಬಿಎಂಪಿಯವರು ನಾಯಿಗೆ ಫ್ರೀ ಮಾಡುತ್ತಿದ್ದರಲ್ಲ, ಬೆಕ್ಕಿಗೂ ಮಾಡಲಿ.

ಕೋರಮಂಗಲ_ಕಾನೂನು

ಬಿಬಿಎಂಪಿ ಎಲ್ಲಿದೆ ಗೌಡ್ರೇ? 2025ರಿಂದ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಕೆಳಗೆ ಐದು ಪಾಲಿಕೆ. ನಿಮ್ಮ ಬೆಕ್ಕು ಯಾವ ಪಾಲಿಕೆಗೆ ಸೇರಿದ್ದು ಅಂತ ಮೊದಲು ಪತ್ತೆ ಮಾಡಿ.

ರಾತ್ರಿಪಾಳಿ

ಗಂಡು ಪೂರ್ವ ಪಾಲಿಕೆ, ಹೆಣ್ಣು ಪಶ್ಚಿಮ ಪಾಲಿಕೆ. ಮರಿಗಳ ಖಾತಾ ಯಾರ ಹೆಸರಿಗೆ?

ಮೊಸರನ್ನ_ಪ್ರಿಯ

ಊಟದಿಂದಲೂ ಇದೆಲ್ಲ ಆಗುತ್ತದೆ ಅಂತ ನನ್ನ ಅನಿಸಿಕೆ. ಮೀನು, ಮಾಂಸ ಹಾಕಿದರೆ ಮೈ ಉಷ್ಣ ಆಗುತ್ತದೆ. ನಮ್ಮದು ಸಸ್ಯಾಹಾರಿ ಮನೆ, ನಮ್ಮ ಬೆಕ್ಕು ಮೊಸರನ್ನ ತಿಂದುಕೊಂಡು ತಣ್ಣಗಿದೆ.

ಡಾಕ್ಟ್ರಮ್ಮ

ಬೆದೆಗೂ ಮೈ ಉಷ್ಣಕ್ಕೂ ಸಂಬಂಧ ಇಲ್ಲ. ಬೆಕ್ಕು ಮಾಂಸವೇ ತಿನ್ನಬೇಕಾದ ಪ್ರಾಣಿ. ಟಾರಿನ್ ಅನ್ನುವ ಪೋಷಕಾಂಶ ಅದಕ್ಕೆ ಮಾಂಸದಿಂದಲೇ ಸಿಗಬೇಕು. ಅದು ಸಾಲದೆ ಹೋದರೆ ಕಣ್ಣಿನ ಪರದೆ ಹಾಳಾಗುತ್ತದೆ, ಹೃದಯ ಸೋಲುತ್ತದೆ. ಮನೆಯಲ್ಲಿ ಮಾಂಸ ಬೇಡ ಅಂದರೆ ಪ್ಯಾಕೆಟ್ ಆಹಾರ ಕೊಡಿ, ಅದರಲ್ಲಿ ಸೇರಿಸಿರುತ್ತಾರೆ.

ಮೊಸರನ್ನ_ಪ್ರಿಯ

ಏನೂ ಆಗಿಲ್ಲ ಮೇಡಂ, ದಷ್ಟಪುಷ್ಟವಾಗಿದೆ.

ಕುಂದಾಪ್ರದವ

ನಿಮ್ಮ ಬೆಕ್ಕು ಸಂಜೆ ಹೊರಗೆ ಹೋಗುತ್ತದಾ?

ಮೊಸರನ್ನ_ಪ್ರಿಯ

ಹೋಗುತ್ತದೆ, ವಾಕಿಂಗ್‌ಗೆ.

ಕುಂದಾಪ್ರದವ

ಹಾಂ. ಪಕ್ಕದ ಮನೆಯಲ್ಲಿ ಬಂಗಡೆ ಕರಿಯುವ ಹೊತ್ತಿಗೆ ವಾಕಿಂಗ್.

ಹಾಸನ_ಟು_ಬೆಂಗಳೂರು

ಕುಪ್ಪಿ ಗಿಡ ಯಾರಿಗಾದರೂ ನೆನಪಿದೆಯಾ? ಖಾಲಿ ಸೈಟಿನಲ್ಲೆಲ್ಲ ಬೆಳೆಯುತ್ತದೆ. ಬೇರು ಸಮೇತ ಕಿತ್ತರೆ ಬೆಕ್ಕುಗಳು ಎಲ್ಲಿಂದಲೋ ಬಂದು ಅದರ ಮೇಲೆ ಹೊರಳಾಡುತ್ತವೆ. ಅಂಗಡಿಯಲ್ಲಿ ಬೆಕ್ಕಿಗೆಂದು ಸಿಗುವ ಕ್ಯಾಟ್‌ನಿಪ್ ಸೊಪ್ಪಿನ ಬದಲು ಅದನ್ನು ಕೊಟ್ಟರೆ ಸೀಬೆಯ ಗಮನ ಬೇರೆ ಕಡೆ ಹೋಗಬಹುದಾ?

ಬೆಕ್ಕಜ್ಜಿ

ಈಗಲೇ ಹೊರಳಾಡುತ್ತಿರುವುದಕ್ಕೆ ಇನ್ನೂ ಹೊರಳಾಡುವ ಗಿಡ ಕೊಡುವುದಾ? ಕ್ಯಾಟ್‌ನಿಪ್‌ನಿಂದ ಕೆಲವು ಸುಮ್ಮನಾಗುತ್ತವೆ, ಕೆಲವು ಇನ್ನೂ ಕೆರಳುತ್ತವೆ. ನಾನಾದರೆ ಕೊಡುವುದಿಲ್ಲ. ಮಲಗುವ ಮುಂಚೆ ಒಂದು ದಾರಕ್ಕೆ ಗರಿ ಕಟ್ಟಿ ಸುಸ್ತಾಗುವ ತನಕ ಓಡಿಸು, ಆಮೇಲೆ ಹೊಟ್ಟೆ ತುಂಬ ಊಟ ಹಾಕು. ಬೀದಿ ಕಡೆಯ ಕೋಣೆ ಬೇಡ, ಗಂಡಿನ ದನಿ ಕೇಳಿದರೆ ಇದು ಉತ್ತರ ಕೊಡುತ್ತದೆ. ಒಳಗಿನ ಕೋಣೆಯಲ್ಲಿ ಪರದೆ ಎಳೆದು, ಹಳೇ ಕಂಬಳಿ ಹಾಸಿ ಬಿಡು. ಮರಳಿನ ಟ್ರೇ ಕ್ಲೀನ್ ಇರಲಿ, ಈ ಸಮಯದಲ್ಲಿ ಹಾಸಿಗೆ ಮೇಲೂ ಉಚ್ಚೆ ಮಾಡುತ್ತವೆ. ಬೈದು, ಹೊಡೆದು ಮಾಡಬೇಡಿ, ಅದಕ್ಕೆ ಯಾಕೆ ಅಂತಲೇ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಮಾಡಿದರೂ ಕೂಗುತ್ತದೆ. ಸ್ವಲ್ಪ ಕಡಿಮೆ ಕೂಗುತ್ತದೆ, ಅಷ್ಟೇ.

ಬನಶಂಕರಿ_ಎರಡನೇಹಂತ

ಒಂದು ಪ್ರಾಮಾಣಿಕ ಪ್ರಶ್ನೆ. ಎಲ್ಲರೂ ಆಪರೇಷನ್ ಮಾಡಿಸಿದರೆ ಮುಂದೆ ಬೆಕ್ಕೇ ಇರುವುದಿಲ್ಲವಲ್ಲ?

ಓನರ್_ಪರ

ನಮ್ಮ ಹಿತ್ತಲಿಗೆ ಬನ್ನಿ ಸಾರ್. ಬುಟ್ಟಿ ತನ್ನಿ, ತುಂಬಿ ಕೊಡುತ್ತೇನೆ.

ಬೆಕ್ಕಜ್ಜಿ

ಬಸಿರು 63ರಿಂದ 65 ದಿನ. ಒಂದು ಸೂಲಿಗೆ ಮೂರರಿಂದ ಐದು ಮರಿ. ಮರಿಗಳು ಇನ್ನೂ ಹಾಲು ಕುಡಿಯುತ್ತಿರುವಾಗಲೇ ತಾಯಿ ಮತ್ತೆ ಬೆದೆಗೆ ಬರಬಹುದು. ಬೆಂಗಳೂರಲ್ಲಿ ಬೆಕ್ಕು ಮುಗಿದುಹೋಗುವ ಚಿಂತೆ ನಿಮಗೆ ಬೇಡ. ಮರಿಗಳಿಗೆ ಮನೆ ಹುಡುಕುವ ಗುಂಪಿನಲ್ಲಿ ಒಂದು ತಿಂಗಳು ಇದ್ದು ನೋಡಿ. "ಬಿಳೀ ಗಂಡು ಇದ್ದರೆ ಹೇಳಿ" ಅನ್ನುವವರೇ ಎಲ್ಲ. ಕಪ್ಪು ಮರಿ, ಮೂರು ಬಣ್ಣದ ಹೆಣ್ಣು ಮರಿ ಯಾರಿಗೂ ಬೇಡ. ಮೂರು ಬಣ್ಣದವು ಹೆಚ್ಚುಕಡಿಮೆ ಎಲ್ಲವೂ ಹೆಣ್ಣೇ, ಗೊತ್ತಲ್ಲ.

ಬನಶಂಕರಿ_ಎರಡನೇಹಂತ

ಸರಿ, ಮರಿಗಳ ವಿಷಯ ಒಪ್ಪಿದೆ. ಪ್ರಕೃತಿ ವಿಷಯ ಒಪ್ಪಿಲ್ಲ.

ಮೂಡಲಪಾಳ್ಯದವಳು

ಸುದ್ದಿ ಹೇಳುತ್ತೇನೆ. ಬೆದೆ ಇಳಿದ ಮೇಲೆ ಆಪರೇಷನ್ ಆಯಿತು. ಆಟೋದವರು ಬುಟ್ಟಿಯೊಳಗಿನ ಕೂಗು ಕೇಳಿ "ಮೀಟರ್ ಮೇಲೆ 50 ಕೊಡಿ, ಗಲಾಟೆ ಪ್ಯಾಸೆಂಜರ್" ಅಂದರು, ಕೊಟ್ಟೆ. ಹಿಂದಿನ ರಾತ್ರಿಯಿಂದ ಊಟ ಕೊಡಬೇಡಿ ಅಂದಿದ್ದರು, ನೀರು ಮಾತ್ರ. ಸಂಜೆ ಮನೆಗೆ ತಂದಾಗ ಕಣ್ಣು ಅರೆತೆರೆದು ತೂಗಾಡುತ್ತಿದ್ದಳು. ಹೊಟ್ಟೆಯ ಕೂದಲು ಬೋಳಿಸಿದ್ದಾರೆ, ನಡುವೆ ಸಣ್ಣ ಹೊಲಿಗೆ, ನನ್ನ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ಉದ್ದ. ಕೊರಳಿಗೆ ಪ್ಲಾಸ್ಟಿಕ್ ಕೋನ್ ಹಾಕಿದರೆ ಹಿಂದಕ್ಕೆ ಹಿಂದಕ್ಕೆ ನಡೆದು ಗೋಡೆಗೆ ಗುದ್ದಿಕೊಂಡು ಕೂತಳು. ಅತ್ತೆ ನೋಡಲಾರದೆ ಹಳೇ ಬನಿಯನ್ ತೋಳು ಕತ್ತರಿಸಿ, ನಾಲ್ಕು ಕಾಲಿಗೆ ತೂತು ಮಾಡಿ, ಅಂಗಿ ಹೊಲಿದು ಹಾಕಿದರು. ಬಾಲದ ಹತ್ತಿರ ಮಾತ್ರ ಲಾಡಿ. ಅದರಲ್ಲಿ ಓಡಾಡುತ್ತಿದ್ದಾಳೆ. ಡಾಕ್ಟ್ರೇ, ಇವತ್ತೂ ಎರಡು ಸಲ ಕೂಗಿದಳು. ಇದು ಸರಿನಾ?

ಡಾಕ್ಟ್ರಮ್ಮ

ಸರಿ. ರಕ್ತದಲ್ಲಿ ಇರುವ ಹಾರ್ಮೋನ್ ಇಳಿಯಲು ಕೆಲವು ದಿನ ಬೇಕು. ಹೊಲಿಗೆಯನ್ನು ದಿನಕ್ಕೆ ಎರಡು ಸಲ ನೋಡಿ. ಕೆಂಪಾಗಿ ಊದಿದರೆ, ನೀರು ಒಸರಿದರೆ, ಅಥವಾ ಒಂದು ದಿನ ಪೂರ್ತಿ ಊಟ ಬಿಟ್ಟರೆ ಫೋನ್ ಮಾಡಿ. 10ರಿಂದ 14 ದಿನ ಎತ್ತರದಿಂದ ಜಿಗಿಯಲು ಬಿಡಬೇಡಿ, ಫ್ರಿಜ್ ಮೇಲಂತೂ ಬೇಡವೇ ಬೇಡ. ತಿಂಗಳುಗಳ ಮೇಲೆ ಪೂರ್ತಿ ಬೆದೆಯ ಲಕ್ಷಣ ಮತ್ತೆ ಕಂಡರೆ ಮಾತ್ರ ತೋರಿಸಿ. ಅಂಡಾಶಯದ ಚೂರು ಒಳಗೆ ಉಳಿದರೆ ಅಪರೂಪಕ್ಕೆ ಹಾಗಾಗುತ್ತದೆ.

ರಾತ್ರಿಪಾಳಿ

ಅಂಗಿಯ ಫೋಟೋ ಇಲ್ಲದೆ ಈ ಪೋಸ್ಟ್ ಅಪೂರ್ಣ.

ಜಯನಗರ_ನಾಲ್ಕನೇಬ್ಲಾಕ್

ಅತ್ತೆಗೆ ಆರ್ಡರ್ ಕೊಡಬಹುದಾ? ನಮ್ಮದು 4 ಕೆಜಿ, ಬಣ್ಣ ಯಾವುದಾದರೂ ಆಗಬಹುದು.

ಓನರ್_ಪರ

ವಿಷಯ ಬದಲಾಯಿಸುತ್ತಿದ್ದೇನೆ, ಕ್ಷಮಿಸಿ. ನಮ್ಮ ಹಿತ್ತಲಿನದು ಕೈಗೆ ಸಿಗುವುದಿಲ್ಲ, ಹತ್ತಿರ ಹೋದರೆ ಕಾಂಪೌಂಡ್ ಹಾರುತ್ತದೆ. ಮರಿಗಳು ಈಗ ತಾವೇ ತಿನ್ನುತ್ತಿವೆ. ಹಿಡಿಯೋದು ಹೇಗೆ? ಪ್ರೀತಿಯಿಂದ ಕೇಳುತ್ತಿಲ್ಲ, ಇನ್ನೊಂದು ಸೂಲು ಬೇಡ ಅಂತ ಕೇಳುತ್ತಿದ್ದೇನೆ.

ಬೆಕ್ಕಜ್ಜಿ

ಯಾಕೆ ಅಂತ ನಾನು ಕೇಳಲಿಲ್ಲ. ಬೋನು ನನ್ನ ಹತ್ತಿರ ಇದೆ, ಬಸವನಗುಡಿಗೆ ಬಂದು ತೆಗೆದುಕೊಂಡು ಹೋಗಿ. ಹಿಂದಿನ ದಿನ ಹಿತ್ತಲಲ್ಲಿ ಯಾರೂ ಊಟ ಹಾಕಬಾರದು, ಹಸಿದಿದ್ದರೆ ಮಾತ್ರ ಒಳಗೆ ಹೋಗುತ್ತದೆ. ಒಳಗೆ ವಾಸನೆ ಬರುವ ಮೀನು ಇಡಿ, ಬೂತಾಯಿ ಆದರೆ ಒಳ್ಳೆಯದು. ಬಾಗಿಲು ಬಿದ್ದ ಕೂಡಲೇ ಮೇಲೆ ಬೆಡ್‌ಶೀಟ್ ಹೊದಿಸಿ, ಕತ್ತಲಾದರೆ ಸುಮ್ಮನಾಗುತ್ತದೆ. ಕೈ ಹಾಕಬೇಡಿ. ಕಚ್ಚಿದರೆ ಸೋಪು ನೀರಲ್ಲಿ 15 ನಿಮಿಷ ತೊಳೆದು ನೀವೇ ರೇಬೀಸ್ ಚುಚ್ಚುಮದ್ದಿಗೆ ಹೋಗಬೇಕು. ಆಪರೇಷನ್ ಆದ ಮೇಲೆ ಕಿವಿ ತುದಿ ಸ್ವಲ್ಪ ಕತ್ತರಿಸಿ ಕಳಿಸಿ ಅಂತ ಹೇಳಿ, ಅದು ಆಪರೇಷನ್ ಆಗಿದೆ ಅನ್ನುವ ಗುರುತು, ಮುಂದೆ ಯಾರೂ ಮತ್ತೆ ಹಿಡಿಯುವುದಿಲ್ಲ.

ಓನರ್_ಪರ

ಶನಿವಾರ ಸಂಜೆ ಬರಲಾ?

ಬೆಕ್ಕಜ್ಜಿ

ಶನಿವಾರ ಹಿಡಿದರೆ ಭಾನುವಾರ ಪೂರ್ತಿ ಬೋನಿನಲ್ಲಿ ಇಟ್ಟುಕೊಳ್ಳಬೇಕು. ಸೋಮವಾರ ಬನ್ನಿ. ಮೊದಲು ಆಸ್ಪತ್ರೆಗೆ ಫೋನ್ ಮಾಡಿ ದಿನ ಗೊತ್ತು ಮಾಡಿಕೊಳ್ಳಿ, ಆಮೇಲೆ ಬೋನು.